ಗೃಹಿಣಿಯ ಪಾಕಶಾಲೆ: ಮೊಟ್ಟೆಯಿಲ್ಲದ ಹೂರಣದ ಕೇಕು

ಈ ಸಂಚಿಕೆಯು ಸೋದರಿಯರ ಕೈ ಸೇರುವ ವೇಳೆಗೆ ಫೆಬ್ರವರಿ 14ನೆಯ ತಾರೀಖು ಸಮೀಪಿಸಿರುತ್ತದೆ. ಪೇಟೆಯ ಅಂಗಡಿಗಳಲ್ಲಿ ಕೆಂಪು ಕಾಗದದ ಹೃದಯಗಳು ತೋರಣದಂತೆ ತೂಗಾಡುತ್ತಿರುತ್ತವೆ. ಗುಲಾಬಿಯ ಬೆಲೆ ಮುಗಿಲು ಮುಟ್ಟಿರುತ್ತದೆ. ‘ವ್ಯಾಲೆಂಟೈನ್ಸ್ ಡೇ’ ಎಂದು ಹೆಸರಾದ ಈ ದಿನವು ನಮ್ಮ ಪಂಚಾಂಗದ ಹಬ್ಬವಲ್ಲ. ಅದನ್ನು ಆಚರಿಸಬೇಕೆ, ಬೇಡವೆ ಎಂಬ ಚರ್ಚೆಯು ಪ್ರತಿ ವರ್ಷವೂ ಅನೇಕ ಮನೆಗಳ ಹಜಾರದಲ್ಲಿ ನಡೆಯುವುದುಂಟು. ನಮ್ಮ ಮನೆಯಲ್ಲಿಯೂ ನಡೆದಿದೆ. ಆ ಚರ್ಚೆಗೆ ತೀರ್ಪು ಕೊಡುವುದು ಪಾಕಶಾಲೆಯ ಕೆಲಸವಲ್ಲ. ಮನೆಯಲ್ಲಿ ಎಳೆಯ ದಂಪತಿಗಳಿದ್ದು, ಆ ಸಂಜೆ ಒಂದು ಸಿಹಿಯನ್ನು ಹಂಚಿಕೊಂಡು ತಿನ್ನಬೇಕೆಂದು ಅವರು ಆಸೆಪಟ್ಟರೆ, ಆ ಸಿಹಿಯು ಮನೆಯಲ್ಲಿಯೇ ಆಗಲಿ, ಯಾರಿಗಾಗಿ ಮಾಡಿದೆವೋ ಅವರು ನಿರ್ಭಯವಾಗಿ ತಿನ್ನುವಂತಿರಲಿ ಎಂಬಷ್ಟೇ ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ಒಂದು ಕಾರಣವುಂಟು. ಅದನ್ನು ಮೊದಲು ಹೇಳಿ, ತರುವಾಯ ಹಿಟ್ಟು ಸಕ್ಕರೆಗಳ ಮಾತಿಗೆ ಬರುತ್ತೇನೆ.

ಎರಡು ವರ್ಷಗಳ ಹಿಂದಿನ ಸಂಗತಿ. ನಮ್ಮ ಮಗನಿಗೆ ಮದುವೆಯಾಗಿ ಎಂಟು ತಿಂಗಳಾಗಿದ್ದಿತು. ಸೊಸೆಗೆ ಮೊಟ್ಟೆ ಆಗದು. ಇದು ಮಡಿ ಆಚಾರಗಳ ಮಾತಲ್ಲ; ಅವಳ ತವರಿನಲ್ಲಿ ಮೊಟ್ಟೆ ತಿನ್ನುವವರಿದ್ದಾರೆ. ಅವಳ ದೇಹಕ್ಕೇ ಅದು ಒಗ್ಗದು. ಬಾಲ್ಯದಿಂದಲೂ ವೈದ್ಯರು ಅದನ್ನು ಅಲರ್ಜಿಯೆಂದು ಗುರುತಿಸಿ ಎಚ್ಚರಿಕೆ ಕೊಟ್ಟಿದ್ದರು. ಮಗನು ಆ ದಿನ ಕಚೇರಿಯಿಂದ ಬರುವಾಗ ಪೇಟೆಯ ಒಂದು ಅಂಗಡಿಯಲ್ಲಿ ಹೃದಯದ ಆಕಾರದ ಕೇಕನ್ನು ಕೊಂಡು ತಂದನು. ಮೊಟ್ಟೆ ಇಲ್ಲವೆಂದು ಅಂಗಡಿಯವರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಸೊಸೆಯು ಎರಡೇ ತುತ್ತು ತಿಂದಳು. ಅರ್ಧ ಗಂಟೆಯೊಳಗಾಗಿ ತುಟಿಗಳು ಊದಿಕೊಂಡು, ಮೈಮೇಲೆ ದದ್ದುಗಳೆದ್ದು, ಉಸಿರು ಸೆಳೆಯುವುದು ಕಷ್ಟವಾಯಿತು. ಆಸ್ಪತ್ರೆಯಲ್ಲಿ ಸೂಜಿಮದ್ದು ಕೊಟ್ಟು ಒಂದು ರಾತ್ರಿ ಇರಿಸಿಕೊಂಡರು. ಬೆಳಗ್ಗೆ ಅವಳು ನಗುತ್ತಲೇ ಮನೆಗೆ ಬಂದಳು. ಆದರೆ ನಮ್ಮ ಹುಡುಗನ ಮುಖವನ್ನು ನೋಡುವಂತಿರಲಿಲ್ಲ. ಅಂದಿನಿಂದ ಮನೆಗೆ ಕೇಕು ತರುವುದು ನಿಂತೇ ಹೋಯಿತು. ಹುಟ್ಟುಹಬ್ಬಕ್ಕೂ ಪಾಯಸವೇ ಸಾಕು ಎಂದುಬಿಟ್ಟನು.

ಹೋದ ವರ್ಷ ಜನವರಿಯ ಕೊನೆಯಲ್ಲಿ, ಸೊಸೆ ತವರಿಗೆ ಹೋಗಿದ್ದಾಗ, ನಾನು ಕಾಫಿ ಬೆರೆಸುತ್ತಿದ್ದಲ್ಲಿಗೆ ಅವನು ಬಂದು ಬಾಗಿಲಿಗೆ ಒರಗಿ ನಿಂತನು. ಹಾಲು ಉಕ್ಕಿದರೂ ಒಲೆ ಆರಿಸಲು ಬಾರದ ಹುಡುಗ. “ಅಮ್ಮಾ, ಅವಳು ತಿನ್ನೋ ಹಾಗಿರೋ ಒಂದು ಕೇಕು ಮಾಡೋದನ್ನ ನನಗೆ ಹೇಳಿಕೊಡ್ತೀಯಾ? ನೀನು ಮಾಡಿಕೊಡಬೇಡ. ನಾನೇ ಮಾಡಬೇಕು” ಎಂದನು. ನಾನು ಉತ್ತರ ಕೊಡುವ ಮೊದಲೇ ಒಳಮನೆಯಿಂದ ನಮ್ಮ ಅತ್ತೆಯವರು, “ಏನದು? ಗಂಡಸರು ಅಡುಗೆಮನೆ ಹೊಗೋ ಹಬ್ಬವೇ?” ಎಂದು ಕೇಳಿದರು. ಅವರಿಗೆ ಎಂಬತ್ತನಾಲ್ಕು ವರ್ಷ. ಕಿವಿ ಮಾತ್ರ ಇಪ್ಪತ್ತರದು.

ಅತ್ತೆಯವರನ್ನು ಸಮಾಧಾನಪಡಿಸದೆ ನಮ್ಮ ಅಡುಗೆಮನೆಯಲ್ಲಿ ಯಾವ ಹೊಸ ಪದಾರ್ಥವೂ ಒಲೆಯೇರದು. ಆದಕಾರಣ ನಾನು ಅವರ ಬಳಿ ಕುಳಿತು ನಾನು ಓದಿ ತಿಳಿದಿದ್ದ ಕಥೆಯೊಂದನ್ನು ಹೇಳಿದೆ. ಇಂಗ್ಲೆಂಡಿನ ನಾರ್ಫೋಕ್ ಸೀಮೆಯಲ್ಲಿ ಮಾರ್ಜರಿ ಬ್ರೂಸ್ ಎಂಬ ಹುಡುಗಿ ಇದ್ದಳು. ಅವಳಿಗೂ ಜಾನ್ ಪ್ಯಾಸ್ಟನ್ ಎಂಬಾತನಿಗೂ ಮದುವೆಯ ಮಾತುಕತೆ ನಡೆದು, ವರದಕ್ಷಿಣೆಯ ಮೊತ್ತದಲ್ಲಿ ಸಿಕ್ಕಿ ನಿಂತಿತು. ಹುಡುಗಿಯ ತಂದೆ ಹೆಚ್ಚು ಕೊಡಲೊಲ್ಲ. ವರನ ಕಡೆಯವರಿಗೆ ಅಷ್ಟು ಸಾಲದು. ತಾಯಿಯು ತಂದೆಯೊಡನೆ ಎಷ್ಟು ವಾದಿಸಿದರೂ ಫಲವಾಗಲಿಲ್ಲ. ಆಗ, 1477ರ ಫೆಬ್ರವರಿಯಲ್ಲಿ, ಆ ಹುಡುಗಿಯು ವರನಿಗೆ ತಾನೇ ಕಾಗದ ಬರೆಯಿಸಿ, ಅವನನ್ನು ತನ್ನ ವ್ಯಾಲೆಂಟೈನ್ ಎಂದು ಸಂಬೋಧಿಸಿ, ನಿನಗೆ ನನ್ನ ಮೇಲೆ ಪ್ರೀತಿಯಿದ್ದುದೇ ನಿಜವಾದರೆ ಹಣದ ಕಾರಣಕ್ಕಾಗಿ ನನ್ನನ್ನು ಬಿಡಲಾರೆ ಎಂಬ ಅರ್ಥದ ಮಾತನ್ನು ತಿಳಿಸಿದಳು. ಇಂಗ್ಲಿಷ್ ಭಾಷೆಯಲ್ಲಿ ಉಳಿದು ಬಂದಿರುವ ವ್ಯಾಲೆಂಟೈನ್ ಕಾಗದಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೇಳುತ್ತಾರೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಅದನ್ನು ಕಾಪಾಡಿಟ್ಟಿದ್ದಾರೆ.

ಅತ್ತೆಯವರು ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. “ಕೊನೆಗೆ ಆ ಹುಡುಗಿಗೆ ಮದುವೆ ಆಯಿತೇ?” ಎಂದರು.

“ಆಯಿತು ಅತ್ತೆ. ಅದೇ ವರ್ಷ, ಅದೇ ಹುಡುಗನೊಡನೆ.”

“ಹಾಗಾದರೆ ಸರಿ. ಕೇಕಿಗೆ ಒಂದೆರಡು ಏಲಕ್ಕಿ ಕುಟ್ಟಿ ಹಾಕು.”

ಇನ್ನು ಕೇಕಿನ ಮಾತು. ಮೊಟ್ಟೆಯಿಲ್ಲದೆ ಕೇಕು ಉಬ್ಬುವುದೆಂತು, ಅದರ ನಡುವಿನ ಹೂರಣವು ಗಟ್ಟಿಯಾಗುವುದೆಂತು ಎಂಬ ಪ್ರಶ್ನೆಗಳು ಹೊಸವಲ್ಲ. ಇವೆರಡಕ್ಕೂ ಉತ್ತರವನ್ನು ಕಂಡುಹಿಡಿದವನು ಒಬ್ಬನೇ ಮನುಷ್ಯ. ಅದಕ್ಕೆ ಕಾರಣಳಾದವಳು ಅವನ ಹೆಂಡತಿ. ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧ ವ್ಯಾಪಾರಿ ಇದ್ದನು. ಅವನ ಪತ್ನಿ ಎಲಿಜಬೆತ್ತಳಿಗೆ ನಮ್ಮ ಸೊಸೆಯಂತೆಯೇ ಮೊಟ್ಟೆ ಆಗದು. ಅದರ ಮೇಲೆ ಬ್ರೆಡ್ಡನ್ನು ಉಬ್ಬಿಸುವ ಈಸ್ಟ್ ಕೂಡ ಆಗದು. ಇಂಗ್ಲಿಷರ ಊಟದಲ್ಲಿ ಕಸ್ಟರ್ಡ್ ಎಂಬುದು ನಮ್ಮ ಪಾಯಸವಿದ್ದಂತೆ. ಆದರೆ ಅದನ್ನು ಹಾಲಿಗೆ ಮೊಟ್ಟೆಯ ಹಳದಿಯನ್ನು ಬೆರೆಸಿ ಕಾಯಿಸಿಯೇ ಮಾಡುತ್ತಿದ್ದರು. ಬರ್ಡ್ ತನ್ನ ಅಂಗಡಿಯ ಹಿಂಬದಿಯಲ್ಲಿ ಪ್ರಯೋಗ ಮಾಡಿ, 1837ರಲ್ಲಿ, ಮೊಟ್ಟೆಯ ಬದಲು ಮೆಕ್ಕೆಜೋಳದ ನಯವಾದ ಹಿಟ್ಟಿನಿಂದ ಹಾಲನ್ನು ಗಟ್ಟಿಗೊಳಿಸುವ ಪುಡಿಯನ್ನು ಸಿದ್ಧಪಡಿಸಿದನು. ಅದು ಮನೆಯ ಮಟ್ಟಿಗೆಂದು, ಹೆಂಡತಿಯೊಬ್ಬಳಿಗಾಗಿ ಮಾಡಿದ್ದು. ಒಮ್ಮೆ ಅತಿಥಿಗಳಿಗೂ ಅದನ್ನೇ ಬಡಿಸಿದಾಗ ಅವರು ಮೆಚ್ಚಿಕೊಂಡು ತಿಂದದ್ದರಿಂದ ಅದು ವ್ಯಾಪಾರದ ಸರಕಾಯಿತೆಂದು ಹೇಳುತ್ತಾರೆ. 1843ರಲ್ಲಿ ಈಸ್ಟಿನ ಬದಲಿಗೆ ಬೇಕಿಂಗ್ ಪೌಡರನ್ನೂ ಮಾಡಿದನು. ಕ್ರಿಮಿಯಾ ಯುದ್ಧದ ಕಾಲದಲ್ಲಿ ದಂಡಿನ ಸಿಪಾಯಿಗಳಿಗೆ ಮೆತ್ತಗಿನ ಬ್ರೆಡ್ಡು ಮಾಡಿಕೊಡಲು ಆ ಪುಡಿಯು ಉಪಯೋಗಕ್ಕೆ ಬಂದಿತು.

ಅದೇ ಬರ್ಮಿಂಗ್‌ಹ್ಯಾಮಿನಲ್ಲಿ, 1860ರ ದಶಕದಲ್ಲಿ, ರಿಚರ್ಡ್ ಕ್ಯಾಡ್‌ಬರಿ ಎಂಬಾತನು ಹೃದಯದ ಆಕಾರದ ಪೆಟ್ಟಿಗೆಗಳಲ್ಲಿ ಚಾಕೊಲೇಟುಗಳನ್ನಿಟ್ಟು ಮಾರಲಾರಂಭಿಸಿದನು. ಈ ದಿನದ ಹೆಸರು ಎತ್ತಿದರೆ ಜನರಿಗೆ ನೆನಪಾಗುವುದು ಅಂಥ ಪೆಟ್ಟಿಗೆಯೇ. ನನ್ನನ್ನು ಕೇಳಿದರೆ ಬರ್ಡನ ಪುಡಿಯ ಡಬ್ಬಿಯದೇ ಮೇಲುಗೈ. ನಮ್ಮ ಮನೆಗಳಲ್ಲಿ ಹಣ್ಣಿನ ಹೋಳುಗಳ ಮೇಲೆ ಸುರಿಯುವ ಹಳದಿ ಕಸ್ಟರ್ಡ್ ಅವನ ವಂಶದ್ದೇ ಅಲ್ಲವೆ? ಈ ಕಥೆಯನ್ನು ಮಗನಿಗೂ ಹೇಳಿದೆ. ಅವನು ಏನೂ ಮಾತನಾಡಲಿಲ್ಲ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದತೊಡಗಿದನು.

ಈ ಓದುವ ಕೆಲಸವೇ ಮೊದಲನೆಯ ಪಾಠ. ನಮ್ಮ ದೇಶದಲ್ಲಿ ಮೊಟ್ಟೆ ಬೆರೆತ ಪೊಟ್ಟಣದ ಆಹಾರವನ್ನು ಮಾಂಸಾಹಾರವೆಂದೇ ಗಣಿಸಿ, ಅದಕ್ಕೆ ಕಂದು ಬಣ್ಣದ ಗುರುತು ಹಾಕಬೇಕೆಂದು ನಿಯಮವಿದೆ. ಹಸಿರು ಚುಕ್ಕೆಯಿದ್ದರೆ ಮೊಟ್ಟೆಯನ್ನು ಬೆರೆಸಿಲ್ಲವೆಂದು ಅರ್ಥ. ವ್ರತ ನಿಯಮಗಳಿಗೆ ಇಷ್ಟು ಸಾಕು. ಅಲರ್ಜಿ ಇರುವವರಿಗೆ ಇಷ್ಟೇ ಸಾಲದು. ಮೊಟ್ಟೆಯ ಪದಾರ್ಥಗಳನ್ನೂ ಮಾಡುವ ಅದೇ ಯಂತ್ರದಲ್ಲಿ ಇದನ್ನೂ ಮಾಡಿದ್ದರೆ ಲೇಶಾಂಶ ಸೇರಿರಬಹುದು. ಅಂಥ ಎಚ್ಚರಿಕೆಯು ಸಾಮಗ್ರಿಗಳ ಪಟ್ಟಿಯ ಕೆಳಗೆ ಅಚ್ಚಾಗಿರುತ್ತದೆ. ಕಸ್ಟರ್ಡ್ ಪುಡಿ, ಬೇಕಿಂಗ್ ಪೌಡರ್, ಜಾಮ್, ಎಸೆನ್ಸ್ ಈ ನಾಲ್ಕನ್ನೂ ಓದಿಯೇ ಕೊಳ್ಳತಕ್ಕದ್ದು. ಮನೆಯಲ್ಲಿ ಆಮ್ಲೆಟ್ ಮಾಡುವವರಿದ್ದರೆ, ಆ ಪಾತ್ರೆ ಸೌಟುಗಳನ್ನು ಈ ಕೆಲಸಕ್ಕೆ ತರಲೇ ಕೂಡದು. ಹಾಲೂ ಆಗದವರಿದ್ದಾರೆ, ಅವರಿಗೆ ಈ ತಿಂಗಳ ಪಾಕವು ಹೊಂದದು.

ನಾನು ಹೇಳುವ ಕೇಕು ಹಾಳೆಯಂತೆ ತೆಳ್ಳಗೆ ಬೇಯುವಂಥದು. ಎತ್ತರದ ಗುಂಡು ಕೇಕು ಮಾಡುವಾಗ ನಡುವೆ ಹಸಿಯಾಗಿ ಉಳಿಯುವುದು, ನೆತ್ತಿ ಬಿರಿಯುವುದು ಮುಂತಾದ ಫಜೀತಿಗಳುಂಟು. ಅದನ್ನು ಅಡ್ಡಲಾಗಿ ಸಮನಾಗಿ ಸೀಳುವುದಕ್ಕೂ ಕೈ ಪಳಗಿರಬೇಕು. ಹಾಳೆ ಕೇಕಿನಲ್ಲಿ ಈ ತೊಂದರೆಗಳಿಲ್ಲ. ಒಂದೇ ಹಾಳೆಯನ್ನು ಬೇಯಿಸಿ, ನಡುವೆ ಕತ್ತರಿಸಿ, ಒಂದು ಅರ್ಧದ ಮೇಲೆ ಹೂರಣ ಹರಡಿ, ಇನ್ನೊಂದು ಅರ್ಧವನ್ನು ಮೇಲೆ ಮುಚ್ಚಿದರೆ ಮುಗಿಯಿತು. ಒಬ್ಬಟ್ಟು ತಟ್ಟಬಲ್ಲ ಸೋದರಿಯರಿಗೆ ಇದು ಮಕ್ಕಳಾಟ. ಒಬ್ಬಟ್ಟು ತಟ್ಟಲಾರದ ಗಂಡಸರಿಗೂ ಸಾಧ್ಯವೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಹಾಳೆಗೆ ಬೇಕಾದ ಸಾಮಾನು ಇಷ್ಟು: ಮೈದಾ ಹಿಟ್ಟು 200 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ಹುಳಿಯಿಲ್ಲದ ಗಟ್ಟಿ ಮೊಸರು 250 ಗ್ರಾಂ, ವಾಸನೆಯಿಲ್ಲದ ಅಡುಗೆ ಎಣ್ಣೆ 120 ಮಿಲಿಲೀಟರ್, ಬೇಕಿಂಗ್ ಪೌಡರ್ ಒಂದೂಕಾಲು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ ಎಸೆನ್ಸ್ ಒಂದು ಟೀ ಚಮಚ, ಚಿಟಿಕೆ ಉಪ್ಪು. ಅತ್ತೆಯವರ ಅಪ್ಪಣೆಯ ಏಲಕ್ಕಿ ಪುಡಿ ಕಾಲು ಚಮಚ, ಇದು ಇಷ್ಟವಿದ್ದವರಿಗೆ. ತಟ್ಟೆಯು 9 ಅಂಗುಲ ಅಗಲ, 13 ಅಂಗುಲ ಉದ್ದ, ಸುಮಾರು 2 ಅಂಗುಲ ಆಳದ್ದಾಗಿರಲಿ. ಕಣ್ಣಳತೆಯಲ್ಲಿ ಅಡುಗೆ ಮಾಡಿ ಹೆಸರು ಪಡೆದವರೂ ಇಲ್ಲಿ ತಕ್ಕಡಿಯನ್ನು ಹಿಡಿಯಬೇಕು. ಸಾರಿಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು. ಓವನ್ನಿನೊಳಗೆ ಹೋದ ಕೇಕಿಗೆ ಸೋಡಾ ಹಾಕಲಾಗುವುದಿಲ್ಲ.

ಮೊದಲು ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್ಸಿಗೆ ಬಿಸಿಯಾಗಲು ಬಿಡಬೇಕು. ತಟ್ಟೆಯ ತಳಕ್ಕೆ ಬಟರ್ ಪೇಪರ್ ಹಾಸಿ, ಅದು ಎರಡು ಕಡೆಗಳಲ್ಲಿ ಹೊರಗೆ ಇಣುಕುವಂತೆ ಬಿಟ್ಟರೆ, ಬೆಂದ ಹಾಳೆಯನ್ನು ಆ ಕಿವಿಗಳನ್ನು ಹಿಡಿದು ಎತ್ತಬಹುದು. ಮೈದಾ, ಉಪ್ಪುಗಳನ್ನು ಎರಡು ಸಲ ಜರಡಿ ಹಿಡಿದು ಬದಿಗಿಡಿ. ಅಗಲವಾದ ಪಾತ್ರೆಯಲ್ಲಿ ಮೊಸರು, ಸಕ್ಕರೆಗಳನ್ನು ಸಕ್ಕರೆ ಕರಗುವವರೆಗೆ ಕಡೆಯಿರಿ. ಅದರ ಮೇಲೆ ಬೇಕಿಂಗ್ ಪೌಡರ್, ಸೋಡಾಗಳನ್ನು ಉದುರಿಸಿ ಒಮ್ಮೆ ಕಲಸಿ, ನಾಲ್ಕು ನಿಮಿಷ ಮುಟ್ಟದೆ ಬಿಡಿ. ಮೊಸರು ನೊರೆಯೆದ್ದು ಉಬ್ಬಿ ಬರುವುದು. ಇಡ್ಲಿಯ ಹಿಟ್ಟಿನಲ್ಲಿ ರಾತ್ರಿಯೆಲ್ಲ ಹುದುಗು ಬಂದು ಹುಟ್ಟುವ ವಾಯುವೇ ಇಲ್ಲಿ ಮೊಸರಿನ ಹುಳಿಯೂ ಸೋಡಾವೂ ಕೂಡಿದ ಕ್ಷಣದಲ್ಲಿ ಹುಟ್ಟುತ್ತದೆ. ಉಳಿದುದನ್ನು ಬೇಕಿಂಗ್ ಪೌಡರ್ ಒಲೆಯ ಬಿಸಿಯಲ್ಲಿ ಪೂರೈಸುತ್ತದೆ. ನೊರೆ ಬಾರದಿದ್ದರೆ ಸೋಡಾ ಹಳೆಯದೆಂದು ತಿಳಿದು ಅಲ್ಲಿಯೇ ನಿಲ್ಲಿಸಿರಿ. ಮೈದಾ, ಎಣ್ಣೆಗಳಾದರೂ ಉಳಿಯುತ್ತವೆ.

ತರುವಾಯ ಎಣ್ಣೆ, ಎಸೆನ್ಸ್, ಏಲಕ್ಕಿಗಳನ್ನು ಬೆರೆಸಿ, ಮೈದಾವನ್ನು ಮೂರು ಸಾರಿಯಾಗಿ ಹಾಕುತ್ತ, ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚುವಂತೆ ಕಲಸಬೇಕು. ಹಿಟ್ಟಿನ ಬಿಳುಪು ಮಾಯವಾದೊಡನೆ ಕೈ ನಿಲ್ಲಬೇಕು. ನಮ್ಮ ಹುಡುಗನು ಮೊದಲನೆಯ ಭಾನುವಾರದ ಅಭ್ಯಾಸದಲ್ಲಿ ಸೋತದ್ದು ಇಲ್ಲಿಯೇ. ಚೆನ್ನಾಗಿ ಕಡೆದಷ್ಟೂ ಕೇಕು ಹಗುರಾಗುತ್ತದೆಂದು ಎಣಿಸಿ, ತೋಳು ನೋಯುವವರೆಗೆ ಹತ್ತು ನಿಮಿಷ ತಿರುವಿದನು. ಮೈದಾದಲ್ಲಿರುವ ಅಂಟು ಕಲಸಿದಷ್ಟೂ ಎಳೆಯೆಳೆಯಾಗಿ ಬಿಗಿಯುತ್ತದೆ. ಚಿರೋಟಿಗೆ, ಪರೋಟಕ್ಕೆ ಅದು ಗುಣ, ಕೇಕಿಗೆ ಅದೇ ದೋಷ. ಅಂದಿನ ಹಾಳೆಯು ಚಪ್ಪಲಿಯ ಅಟ್ಟೆಯಂತಾಯಿತು. ಅತ್ತೆಯವರು ಒಂದು ಚೂರನ್ನು ಕಾಫಿಯಲ್ಲಿ ನೆನೆಸಿ ತಿಂದು, “ರುಚಿ ಇದೆ, ಹಲ್ಲು ಬೇಕು” ಎಂದರು.

ಕಲಸಿದ ಹಿಟ್ಟು ದೋಸೆಯ ಹಿಟ್ಟಿಗಿಂತ ಗಟ್ಟಿಯಾಗಿ, ಸೌಟಿನಿಂದ ಪಟ್ಟಿಯಂತೆ ಇಳಿಯುವ ಹದದಲ್ಲಿರಬೇಕು. ಗಟ್ಟಿಯೆನಿಸಿದರೆ ಎರಡು ದೊಡ್ಡ ಚಮಚ ಹಾಲು ಸೇರಿಸಬಹುದು. ತಡಮಾಡದೆ ತಟ್ಟೆಗೆ ಸುರಿದು, ಮೂಲೆಗಳವರೆಗೆ ಸಮನಾಗಿ ಹರಡಿ, 18ರಿಂದ 22 ನಿಮಿಷ ಬೇಯಿಸಿರಿ. ನಡುವೆ ಬೆರಳಿನಿಂದ ಮೆಲ್ಲನೆ ಒತ್ತಿದರೆ ಹಳ್ಳ ಬೀಳದೆ ಮೇಲೇಳಬೇಕು. ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು. ತೆಳ್ಳಗಿನ ಹಾಳೆಯಾದುದರಿಂದ ಐದು ನಿಮಿಷ ಮರೆತರೂ ಅಂಚುಗಳು ರೊಟ್ಟಿಯಾಗುತ್ತವೆ. ಈ ಹೊತ್ತಿನಲ್ಲಿ ಯಾರೊಡನೆಯೂ ದೂರವಾಣಿಯಲ್ಲಿ ಮಾತಿಗೆ ಕುಳಿತುಕೊಳ್ಳಬೇಡಿರಿ.

ಓವನ್ ಇಲ್ಲದವರು ನಿರಾಶರಾಗಬೇಕಾಗಿಲ್ಲ. ದಪ್ಪ ತಳದ ಹಳೆಯ ಪಾತ್ರೆಯೊಳಗೆ ಒಂದು ಕುಕ್ಕೆಯನ್ನೋ ಸಣ್ಣ ಸ್ಟ್ಯಾಂಡನ್ನೋ ಇಟ್ಟು, ಬಿಗಿಯಾಗಿ ಮುಚ್ಚಿ, ಹತ್ತು ನಿಮಿಷ ಕಾಯಿಸಿ, ಹಿಟ್ಟಿನ ಅರ್ಧವನ್ನು 7 ಅಂಗುಲದ ಗುಂಡು ತಟ್ಟೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ 25ರಿಂದ 30 ನಿಮಿಷ ಬೇಯಿಸಬಹುದು. ಉಳಿದ ಅರ್ಧವು ಕಾದು ಕುಳಿತರೆ ಉಬ್ಬು ಕಳೆದುಕೊಳ್ಳುತ್ತದೆ. ಆದುದರಿಂದ ಸಾಮಾನನ್ನು ಮೊದಲೇ ಎರಡು ಪಾಲು ಮಾಡಿಟ್ಟುಕೊಂಡು, ಎರಡನೆಯದನ್ನು ಮೊದಲನೆಯದು ಬೆಂದ ಮೇಲೆ ಕಲಸುವುದು ಲೇಸು. ಎರಡು ಗುಂಡು ಹಾಳೆಗಳ ನಡುವೆ ಹೂರಣವಿಟ್ಟರೂ ರುಚಿ ಒಂದೇ.

ಹೂರಣಕ್ಕೆ ಹಾಲು 300 ಮಿಲಿಲೀಟರ್, ಕಸ್ಟರ್ಡ್ ಪುಡಿ ಮಟ್ಟಸವಾಗಿ ನಾಲ್ಕು ದೊಡ್ಡ ಚಮಚ, ಸಕ್ಕರೆ ಮೂರು ದೊಡ್ಡ ಚಮಚ, ಬೆಣ್ಣೆ 20 ಗ್ರಾಂ. ಹಣ್ಣಿನ ಮೇಲೆ ಸುರಿಯುವ ಕಸ್ಟರ್ಡಿಗೆ ಹಾಕುವುದಕ್ಕಿಂತ ಇಲ್ಲಿ ಪುಡಿ ಬಹಳ ಹೆಚ್ಚು. ಇಲ್ಲವಾದರೆ ಕತ್ತರಿಸುವಾಗ ಹೂರಣವು ಬದಿಗಳಿಂದ ಹರಿದುಹೋಗುತ್ತದೆ. ಪುಡಿಯನ್ನು ಕಾಲು ಬಟ್ಟಲು ತಣ್ಣನೆಯ ಹಾಲಿನಲ್ಲಿಯೇ ಕದಡಬೇಕು. ಬಿಸಿ ಹಾಲಿಗೆ ನೇರವಾಗಿ ಪುಡಿ ಸುರಿದರೆ ಪ್ರತಿಯೊಂದು ಗಂಟೂ ಹೊರಗೆ ಬೆಂದು ಒಳಗೆ ಹಸಿ ಹಿಟ್ಟನ್ನು ಮುಚ್ಚಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ತಿರುವಿದರೂ ಒಡೆಯದು. ಉಳಿದ ಹಾಲು, ಸಕ್ಕರೆಗಳನ್ನು ಕುದಿಗೆ ತಂದು, ಉರಿ ತಗ್ಗಿಸಿ, ಕದಡಿದ ಹಾಲನ್ನು ಸಣ್ಣ ಧಾರೆಯಾಗಿ ಸುರಿಯುತ್ತ ಬಿಡದೆ ಕೈಯಾಡಿಸಬೇಕು. ಅದು ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಅದನ್ನು ಕಂಡು ಮೋಸಹೋಗಿ ಇಳಿಸಬೇಡಿರಿ. ಅಲ್ಲಲ್ಲಿ ಗುಳ್ಳೆಯೊಡೆದು ಕುದಿಯಲಾರಂಭಿಸಿದ ಮೇಲೆ ಇನ್ನೂ ಒಂದೂವರೆ ನಿಮಿಷ ಬೇಯಿಸಿದರೇ ಹಿಟ್ಟಿನ ಹಸಿ ವಾಸನೆ ಹೋಗುವುದು. ಇಳಿಸಿ, ಬೆಣ್ಣೆ ಬೆರೆಸಿ, ಬಟರ್ ಪೇಪರನ್ನು ಕಸ್ಟರ್ಡಿನ ಮೈಗೆ ತಾಗುವಂತೆಯೇ ಹೊದಿಸಿದರೆ ಕೆನೆ ಕಟ್ಟುವುದಿಲ್ಲ. ಪೂರ್ಣವಾಗಿ ತಣಿಯಲಿ.

ಈ ತಣಿಯುವ ಅವಧಿಯೇ ಎಲ್ಲಕ್ಕಿಂತ ಕಷ್ಟದ್ದು. ನಮ್ಮವನು ಎರಡನೆಯ ಭಾನುವಾರ ಹಾಳೆಯನ್ನು ಹತ್ತಿಯಂತೆ ಬೇಯಿಸಿದನು. ಕಸ್ಟರ್ಡ್ ಕೂಡ ಗಂಟಿಲ್ಲದೆ ಬಂದಿತು. ಆದರೆ ಎರಡೂ ಬೆಚ್ಚಗಿರುವಾಗಲೇ ಅವಸರಪಟ್ಟು ಜೋಡಿಸಿದನು. ಮೇಲಿನ ಅರ್ಧವು ಮೆಲ್ಲಮೆಲ್ಲನೆ ಜಾರುತ್ತ, ನಾವು ನೋಡನೋಡುತ್ತಿರುವಂತೆಯೇ ತಟ್ಟೆಯ ಅಂಚಿಗೆ ಬಂದು ನಿಂತಿತು. ಹಾಳೆಗೆ ಒಂದು ಗಂಟೆ, ಕಸ್ಟರ್ಡಿಗೆ ಎರಡು ಗಂಟೆ ಎಂದು ಎಣಿಸಿ, ಬೆಳಗ್ಗೆಯೇ ಈ ಎರಡು ಕೆಲಸಗಳನ್ನೂ ಮುಗಿಸಿಬಿಟ್ಟರೆ ಮಧ್ಯಾಹ್ನ ಜೋಡಿಸಲು ಅನುಕೂಲ.

ನನ್ನ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಹಾಳೆಯು ಕೆಂಪಗಿದ್ದರೆ ಆ ದಿನಕ್ಕೆ ಒಪ್ಪುತ್ತದೆಂದೂ, ಪೇಟೆಯ ಬಣ್ಣಕ್ಕಿಂತ ಬೀಟ್‌ರೂಟಿನ ರಸ ಮೇಲೆಂದೂ ಬುದ್ಧಿ ಹೇಳಿದವಳು ನಾನೇ. ಹಸಿ ಹಿಟ್ಟು ದಾಸವಾಳದಂತೆ ಕಂಗೊಳಿಸಿತು. ಬೆಂದು ಬಂದಾಗ ಮಣ್ಣಿನ ಬಣ್ಣ! ಬೀಟ್‌ರೂಟಿನ ಕೆಂಪು ಹುಳಿಯಲ್ಲಿ ನಿಲ್ಲುತ್ತದೆ; ಸೋಡಾದ ಕ್ಷಾರಕ್ಕೂ ಓವನ್ನಿನ ಬಿಸಿಗೂ ತಡೆಯಲಾರದು. ಕೆಂಪು ಬೇಕೆಂಬವರು ಅದನ್ನು ಬೇಯಿಸದ ಭಾಗದಲ್ಲಿ, ಎಂದರೆ ಜಾಮಿನಲ್ಲಿ, ಹಣ್ಣಿನಲ್ಲಿ ಹುಡುಕಿಕೊಳ್ಳುವುದು ಒಳ್ಳೆಯದು.

ಜೋಡಿಸುವ ಕ್ರಮ ಹೀಗೆ. ಹಾಳೆಯನ್ನು ಉದ್ದದ ನಡುವಿಗೆ ಸರಿಯಾಗಿ ಕತ್ತರಿಸಿದರೆ 9 ಅಂಗುಲಕ್ಕೆ ಆರೂವರೆ ಅಂಗುಲದ ಎರಡು ತುಂಡುಗಳಾಗುತ್ತವೆ. ಎರಡು ದೊಡ್ಡ ಚಮಚ ಸಕ್ಕರೆಯನ್ನು ಕಾಲು ಬಟ್ಟಲು ನೀರಿನಲ್ಲಿ ಕುದಿಸಿ ಆರಿಸಿ, ಒಂದು ಚಮಚ ಜೇನುತುಪ್ಪ ಬೆರೆಸಿ, ಎರಡು ತುಂಡುಗಳ ಮೇಲೂ ಚಮಚದಿಂದ ಚಿಮುಕಿಸಿರಿ. ಮೊಟ್ಟೆಯಿಲ್ಲದ ಕೇಕು ಮಾರನೆಯ ದಿನಕ್ಕೆ ಒಣಗುವುದೆಂಬ ದೂರಿಗೆ ಇದೇ ಪರಿಹಾರ. ಬೆಂಗಳೂರು, ಮೈಸೂರು ಕಡೆಯ ಅಯ್ಯಂಗಾರ್ ಬೇಕರಿಗಳ ಹನಿ ಕೇಕನ್ನು ತಿಂದು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪಾಕ ಕುಡಿದ ಹಾಳೆ, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿಯ ತುರಿ. ಆ ಕೇಕು ನಮ್ಮ ಈ ಕೇಕಿಗೆ ಹತ್ತಿರದ ನೆಂಟ.

ಕೆಳಗಿನ ತುಂಡಿಗೆ ನಾಲ್ಕು ದೊಡ್ಡ ಚಮಚ ಸ್ಟ್ರಾಬೆರಿ ಜಾಮನ್ನು ತೆಳ್ಳಗೆ ಬಳಿಯಿರಿ. ತಣಿದ ಕಸ್ಟರ್ಡನ್ನು ಒಮ್ಮೆ ಮಾತ್ರ ಕಲಕಿ ನಯಮಾಡಿ ಅದರ ಮೇಲೆ ಹರಡಿರಿ. ಹೆಚ್ಚು ಕಡೆದರೆ ನೀರಾಗುತ್ತದೆ. ಅಂಚಿನಲ್ಲಿ ಅರ್ಧ ಅಂಗುಲ ಬಿಟ್ಟಿರಲಿ, ಮೇಲಿನ ಭಾರಕ್ಕೆ ಅದು ತಾನೇ ಅಂಚಿಗೆ ಬರುತ್ತದೆ. ಫೆಬ್ರವರಿಯು ಸ್ಟ್ರಾಬೆರಿಯ ಕಾಲವಾದುದರಿಂದ ಐದಾರು ಹಣ್ಣುಗಳನ್ನು ಉದ್ದಕ್ಕೆ ಸೀಳಿ ನಡುವೆ ಇಡಬಹುದು; ಹಣ್ಣನ್ನು ತೊಳೆದ ಮೇಲೆ ಬಟ್ಟೆಯಿಂದ ಒರೆಸಿ ಒಣಗಿಸಲು ಮರೆಯಬಾರದು. ಎರಡನೆಯ ತುಂಡನ್ನು ಮುಚ್ಚಿ, ಅಂಗೈಯಿಂದ ಮೆಲ್ಲನೆ ಒತ್ತಿ, ಎರಡು ಗಂಟೆ ಫ್ರಿಜ್ಜಿನಲ್ಲಿಡಿ. ಹೊರತೆಗೆದು ನಾಲ್ಕು ಅಂಚುಗಳನ್ನೂ ಚೂರಿಯಿಂದ ನೆಟ್ಟಗೆ ಸವರಿದರೆ ಹಳದಿ, ಕೆಂಪು ಪಟ್ಟಿಗಳು ಅಂದವಾಗಿ ಕಾಣುತ್ತವೆ. ಸವರಿದ ಅಂಚುಗಳು ನಮ್ಮ ಮನೆಯಲ್ಲಿ ಅತ್ತೆಯವರ ಪಾಲು.

ಅಲಂಕಾರಕ್ಕೆ ಕೊಳವೆ, ಕ್ರೀಮುಗಳ ಸಾಹಸ ಬೇಡ. ಕಾಗದವನ್ನು ಎರಡಾಗಿ ಮಡಿಸಿ ಹೃದಯದ ಆಕಾರವನ್ನು ಕತ್ತರಿಸಿ, ಕೇಕಿನ ನಡುವೆ ಇಟ್ಟು, ಸುತ್ತಲೂ ಸಕ್ಕರೆಯ ಪುಡಿಯನ್ನು ಟೀ ಸೋಸುವ ಜರಡಿಯಿಂದ ಉದುರಿಸಿರಿ. ಕಾಗದವನ್ನು ಎತ್ತಿದರೆ ಬಿಳಿಯ ನಡುವೆ ಕಂದು ಹೃದಯ ಮೂಡಿರುತ್ತದೆ. ಎರಡು ಚಮಚ ಜಾಮನ್ನು ಸ್ವಲ್ಪ ಬೆಚ್ಚಗೆ ಮಾಡಿ ಬೆರಳಿನಿಂದ ಅದರೊಳಗೆ ತುಂಬಿದರೆ ಕೆಂಪಾಯಿತು. ಬಡಿಸುವ ಹೊತ್ತಿಗೇ ಇದನ್ನು ಮಾಡಬೇಕು. ಮೊದಲೇ ಉದುರಿಸಿದರೆ ಸಕ್ಕರೆಯು ತೇವ ಹೀರಿ ಮಾಯವಾಗುತ್ತದೆ. ಈ ಪ್ರಮಾಣಕ್ಕೆ 12 ತುಂಡುಗಳಾಗುತ್ತವೆ.

ಹೋದ ವರ್ಷ ಆ ದಿನ ನಮ್ಮ ಹುಡುಗನು ರಜೆ ಹಾಕಿ, ನನ್ನನ್ನು ಅಡುಗೆಮನೆಯ ಹೊರಗೇ ಕೂರಿಸಿ ಎಲ್ಲವನ್ನೂ ತಾನೇ ಮಾಡಿದನು. ಹೃದಯವು ಒಂದು ಕಡೆಗೆ ವಾಲಿ ವೀಳ್ಯದೆಲೆಯಂತಾಗಿತ್ತು. ಸಂಜೆ ಸೊಸೆ ಕೆಲಸದಿಂದ ಬಂದು ಮೇಜಿನ ಮೇಲೆ ಕೇಕನ್ನು ನೋಡಿದವಳು ಹೊಸಿಲಿನಲ್ಲಿಯೇ ನಿಂತಳು. ಅವಳ ಕೈ ತಾನಾಗಿ ಕೊರಳಿಗೆ ಹೋದುದನ್ನು ನಾನು ಕಂಡೆನು. ಅವನು ಒಂದು ಮಾತನ್ನೂ ಆಡಲಿಲ್ಲ. ಕೇಕಿನ ಪಕ್ಕದಲ್ಲಿ ಮೈದಾ, ಬೇಕಿಂಗ್ ಪೌಡರ್, ಸೋಡಾ, ಕಸ್ಟರ್ಡ್, ಎಸೆನ್ಸ್, ಜಾಮ್ ಇವುಗಳ ಪೊಟ್ಟಣ, ಡಬ್ಬಿ, ಶೀಶೆಗಳನ್ನೆಲ್ಲ, ಅಕ್ಷರಗಳಿದ್ದ ಬದಿಯು ಅವಳ ಕಡೆಗೆ ಬರುವಂತೆ, ಸಾಲಾಗಿ ಜೋಡಿಸಿಟ್ಟಿದ್ದನು. ಅವಳು ಕುರ್ಚಿ ಎಳೆದುಕೊಂಡು ಕುಳಿತು ಒಂದೊಂದನ್ನೂ ಕೈಗೆತ್ತಿಕೊಂಡು ಓದಿದಳು. ಐದಾರು ನಿಮಿಷಗಳೇ ಹಿಡಿದಿರಬೇಕು, ಯಾರೂ ಅವಸರಪಡಿಸಲಿಲ್ಲ. ಕೊನೆಯ ಶೀಶೆಯನ್ನು ಕೆಳಗಿಟ್ಟು, “ಚೂರಿ ಎಲ್ಲಿದೇ ರೀ?” ಎಂದಳು.

ಕಸ್ಟರ್ಡ್ ತುಂಬಿದ ಕೇಕನ್ನು ಹೊರಗೆ ಬಹಳ ಹೊತ್ತು ಇಡಬಾರದು. ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಎರಡು ದಿನಗಳೊಳಗೆ ಮುಗಿಸಬೇಕು. ನಮ್ಮಲ್ಲಿ ರಾತ್ರಿ ಹತ್ತು ಗಂಟೆಗೆ ಒಂದೇ ತುಂಡು ಉಳಿದಿದ್ದಿತು, ಬೆಳಗ್ಗೆ ಅದೂ ಇರಲಿಲ್ಲ. ಅತ್ತೆಯವರ ಕೋಣೆಯ ಕಿಟಕಿಯ ಮೇಲೆ ಒಂದು ಖಾಲಿ ಬಟ್ಟಲು ಮಾತ್ರ ಇದ್ದಿತು.